ಹಸುಗೂಸುಗಳ ಕೋಣೆಯಲ್ಲಿ ನಂಜು: ಕಲ್ಲು ಯಾರ ಮೇಲೆ?

(ಗಿರಣಿ ಓಣಿಯಲ್ಲಿ ಕಾರ್ಮಿಕರ ಮತ್ತು ಅಂಗಡಿಕಾರರ ಸಭೆಯಲ್ಲಿ ಮಾಡಿದ ಭಾಷಣ)



ಮೂರು ವಾರದ ಹಿಂದೆ, ರಾತ್ರಿ ಪಾಳಿ ಬಿಟ್ಟ ಹೊತ್ತಿಗೆ, ಈ ಓಣಿಯ ನೂರಕ್ಕೂ ಹೆಚ್ಚು ಜನ ಒಂದು ಆಸ್ಪತ್ರೆಯ ಮುಂದೆ ಗುಂಪು ಕೂಡಿದ್ದಿರಿ. ನಮ್ಮ ಒಬ್ಬ ಕೆಲಸಗಾರನ ಹೆಣ್ಣು ಕೂಸು, ಒಂಬತ್ತು ದಿನದ್ದು, ಆ ಬೆಳಗಿನ ಜಾವ ತೀರಿಕೊಂಡಿತ್ತು. ದಿನ ತುಂಬುವ ಮೊದಲೇ ಹುಟ್ಟಿದ ಕೂಸು. ಆದರೂ ಹಾಲು ಕುಡಿಯುತ್ತಿತ್ತು, ತೂಕ ಹಿಡಿಯುತ್ತಿತ್ತು. ಎರಡೇ ದಿನದಲ್ಲಿ ರಕ್ತಕ್ಕೆ ನಂಜೇರಿತು ಎಂದರು. ಅದೇ ಕೋಣೆಯಲ್ಲಿ ಅದೇ ವಾರ ಇನ್ನೂ ಎರಡು ಕೂಸು ಹೋಗಿದ್ದವು. ಕೆಲವರ ಕೈಯಲ್ಲಿ ಕಲ್ಲಿತ್ತು. "ರಾತ್ರಿ ಇದ್ದ ನರ್ಸನ್ನು ಹೊರಗೆ ಕಳಿಸಿ" ಎಂದು ಕೂಗಿದಿರಿ. ನಾವು ಬಾಗಿಲಿಗೆ ಅಡ್ಡ ನಿಂತೆವು. ಆಗ ನಿಮ್ಮಲ್ಲೇ ಒಬ್ಬರು ಕೇಳಿದರು: "ಮಾಸ್ತರೆ, ನೀವು ಯಾರ ಕಡೆ?"

ಅಂದು ಉತ್ತರ ಕೊಡಲಿಲ್ಲ. ಕೂಸು ಕಳಕೊಂಡ ತಂದೆ ಎದುರಿಗಿರುವಾಗ ಲೆಕ್ಕ ಹೇಳುವುದು ಮನುಷ್ಯತ್ವವಲ್ಲ. ಇಂದು ಹೇಳುತ್ತೇವೆ. ನಾವು ಡಾಕ್ಟರಲ್ಲ. ಹತ್ತನೆಯ ತರಗತಿ ಪಾಸು ಮಾಡಿ ನಿಮ್ಮ ಮಕ್ಕಳಿಗೆ ಮಗ್ಗಿ ಕಲಿಸಿದವರು. ಈ ಮೂರು ವಾರ ತಿಳಿದ ಡಾಕ್ಟರರನ್ನು ಕೇಳಿ, ಅವರು ಕೊಟ್ಟ ಕಾಗದ ಪತ್ರ ಓದಿಸಿಕೊಂಡು, ಅರ್ಥವಾಗದ್ದನ್ನು ಮತ್ತೆ ಕೇಳಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತೇವೆ.

ಮೊದಲನೆಯ ಮಾತು. ಆ ರಾತ್ರಿ ಆ ಕೋಣೆಯಲ್ಲಿ ಹನ್ನೆರಡು ತೊಟ್ಟಿಲಿಗೆ ಜಾಗ. ಇದ್ದ ಕೂಸುಗಳು ಹತ್ತೊಂಬತ್ತು. ಶಾಖ ಕೊಡುವ ಒಂದೊಂದು ಮೇಜಿನ ಮೇಲೆ ಎರಡೆರಡು ಮಲಗಿದ್ದವು. ನೋಡುವವರು ಇಬ್ಬರು ನರ್ಸುಗಳು; ಅವರಲ್ಲಿ ಒಬ್ಬಾಕೆಯನ್ನು ನಡುರಾತ್ರಿ ಹೆರಿಗೆ ಕೋಣೆಗೆ ಕರೆದರು. ಉಳಿದವಳು ಒಬ್ಬಳು. ಅವಳೂ ಗುತ್ತಿಗೆಯವಳು, ವರ್ಷ ವರ್ಷ ಅರ್ಜಿ ಹಾಕಿ ನೌಕರಿ ಉಳಿಸಿಕೊಳ್ಳುವವಳು. ನೀವು ಹೊರಗೆ ಕಳಿಸಿ ಎಂದದ್ದು ಇವಳನ್ನು.

ಗಿರಣಿಯಲ್ಲಿ ಕೆಲಸ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡು ಮಗ್ಗ ನೋಡುವವನಿಗೆ ನಾಲ್ಕು ಕೊಟ್ಟರೆ ಏನಾಗುತ್ತದೆ? ಎಳೆ ಹರಿಯುತ್ತದೆ. ಅವನು ಈ ಮಗ್ಗದ ಎಳೆ ಗಂಟು ಹಾಕುವಷ್ಟರಲ್ಲಿ ಆ ಮಗ್ಗದ್ದು ಹರಿದಿರುತ್ತದೆ. ಬಟ್ಟೆಯಲ್ಲಿ ದೋಷ ಬಂದರೆ ದಂಡ ಯಾರಿಗೆ? ನೇಯುವವನಿಗೆ. ನಾಲ್ಕು ಮಗ್ಗ ಕೊಟ್ಟವನಿಗಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಮ್ಮ ಮೇಲೆ ಬಿದ್ದಾಗ ಅನ್ಯಾಯವೆಂದು ಗೊತ್ತಾಗುವ ಮಾತು, ಬೇರೆ ಕೆಲಸಗಾರಳ ಮೇಲೆ ಬಿದ್ದಾಗ ಮರೆತುಹೋಗುತ್ತದೆ.

ಇದು ಬರೀ ನಮ್ಮ ಸಿಟ್ಟಿನ ಮಾತಲ್ಲ. ಅಳೆದು ನೋಡಿದ ಸಂಗತಿ. ಸ್ವಿಟ್ಜರ್ಲೆಂಡಿನ ಜಿನೀವಾ ಪಟ್ಟಣವನ್ನು ತೆಗೆದುಕೊಳ್ಳಿ. ಜಗತ್ತಿನ ಶ್ರೀಮಂತ ಊರುಗಳಲ್ಲಿ ಒಂದು. ಅಲ್ಲಿಯ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 1996ರ ಡಿಸೆಂಬರಿನಿಂದ 1997ರ ಜನವರಿಯವರೆಗೆ ಹಸುಗೂಸುಗಳ ಘಟಕದಲ್ಲಿ ಎಂಟಿರೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಹಬ್ಬಿತು. ಆ ಘಟಕ ಕಟ್ಟಿದ್ದು ಹದಿನೈದು ಕೂಸುಗಳಿಗೆ. ಆ ದಿನಗಳಲ್ಲಿ ಅಲ್ಲಿ ಇಪ್ಪತ್ತೈದರವರೆಗೂ ತುಂಬಿದ್ದವು. ನರ್ಸುಗಳು ಸಾಲದೆ ಹೋದರು. ಆಗ ಡಾಕ್ಟರರು ಒಂದು ಒಳ್ಳೆಯ ಕೆಲಸ ಮಾಡಿದರು: ಯಾರು ಎಷ್ಟು ಸಲ ಕೈ ತೊಳೆಯುತ್ತಾರೆ ಎಂದು ನಿಂತು ಎಣಿಸಿದರು. ಕೂಸಿಗೆ ಹಾಕಿದ ನಳಿಗೆ, ಸೂಜಿ ಮುಟ್ಟುವ ಮುಂಚೆ ನೂರು ಸಲ ತೊಳೆಯಬೇಕಾದಲ್ಲಿ ಇಪ್ಪತ್ತೈದು ಸಲ ತೊಳೆಯುತ್ತಿದ್ದರು. ನೂಕುನುಗ್ಗಲು ಕಳೆದ ಮೇಲೆ ಮತ್ತೆ ಎಣಿಸಿದರು. ಈ ಸಲ ನೂರಕ್ಕೆ ಎಪ್ಪತ್ತು.

ಅದೇ ಆಸ್ಪತ್ರೆ, ಅದೇ ಸಾಬೂನು, ಅದೇ ಜನ. ಅವರಿಗೆ ಕೈ ತೊಳೆಯುವ ಬುದ್ಧಿ ಇರಲಿಲ್ಲವೆ? ಇತ್ತು. ಹೊತ್ತು ಇರಲಿಲ್ಲ. ಸಾಬೂನು ಹಚ್ಚಿ ಸರಿಯಾಗಿ ಕೈ ತೊಳೆಯಲು ನಲವತ್ತರಿಂದ ಅರವತ್ತು ಸೆಕೆಂಡು ಬೇಕು. ಸ್ಪಿರಿಟ್ಟಿನ ದ್ರಾವಣದಿಂದ ತಿಕ್ಕಿಕೊಳ್ಳಲು ಇಪ್ಪತ್ತರಿಂದ ಮೂವತ್ತು. ಹತ್ತೊಂಬತ್ತು ಕೂಸು, ಒಂದೊಂದನ್ನು ಪಾಳಿಗೆ ಹತ್ತು ಹದಿನೈದು ಸಲ ಮುಟ್ಟಬೇಕು. ಗುಣಿಸಿ ನೋಡಿ. ಅಂಗಡಿಕಾರರು ಬೆರಳ ಮೇಲೆ ಲೆಕ್ಕ ಹಾಕುವವರು, ಇಷ್ಟರಲ್ಲೇ ಹಾಕಿರುತ್ತೀರಿ. ಒಬ್ಬಳೇ ಹೆಂಗಸು ನಿಯಮದ ಪ್ರಕಾರ ಕೈ ತೊಳೆಯುತ್ತ ನಿಂತರೆ ಪಾಳಿಯ ಮೂರು ನಾಲ್ಕು ತಾಸು ನಲ್ಲಿಯ ಮುಂದೆಯೇ ಹೋಗುತ್ತದೆ. ಅಷ್ಟರಲ್ಲಿ ಉಸಿರು ನಿಂತ ಕೂಸನ್ನು ಯಾರು ನೋಡಬೇಕು?

ಅಮೆರಿಕದಲ್ಲಿ ಹೇಲಿ ಮತ್ತು ಬ್ರೆಗ್ಮನ್ ಎಂಬವರು ಇಂಥದೇ ಒಂದು ಘಟಕದ ಲೆಕ್ಕ ತೆಗೆದು 1982ರಲ್ಲಿ ಅಚ್ಚು ಮಾಡಿದರು. ಒಬ್ಬ ನರ್ಸಿಗೆ ಏಳಕ್ಕಿಂತ ಹೆಚ್ಚು ಕೂಸು ಬಿದ್ದ ದಿನಗಳಾದ ಮೇಲೆ, ಗುಂಪು ಗುಂಪಾಗಿ ಸೋಂಕು ಹುಟ್ಟುವುದು ಹದಿನಾರು ಪಟ್ಟು ಏರುತ್ತಿತ್ತು. ಹದಿನಾರು ಪಟ್ಟು, ಗೆಳೆಯರೆ. ನಮ್ಮ ಸರಕಾರಕ್ಕೂ ಇದು ಗೊತ್ತಿಲ್ಲದ್ದಲ್ಲ. 2011ರಲ್ಲಿ ದಿಲ್ಲಿ ಸರಕಾರ ಹೊರಡಿಸಿದ ಮಾರ್ಗದರ್ಶಿಯಲ್ಲಿ ಇಂಥ ಘಟಕಗಳಿಗೆ ಪ್ರತಿ ಪಾಳಿಯಲ್ಲಿ ಮೂರು ನಾಲ್ಕು ಹಾಸಿಗೆಗೆ ಒಬ್ಬ ನರ್ಸು ಇರಬೇಕೆಂದು ಬರೆದಿದೆ. ಬರೆದದ್ದು ಕಪಾಟಿನಲ್ಲಿದೆ. ಹತ್ತೊಂಬತ್ತು ಕೂಸು ಕೋಣೆಯಲ್ಲಿದ್ದವು.

ಇನ್ನು, ಹಸುಗೂಸಿಗೇ ಇಷ್ಟು ಬೇಗ ನಂಜೇರುವುದೇಕೆ ಎಂಬುದನ್ನು ತಾಯಂದಿರು ಕೇಳಿದ್ದರು. ತಾಯಿಯ ರಕ್ತದಲ್ಲಿರುವ ರೋಗ ತಡೆಯುವ ಸಾಮಗ್ರಿ ಹೊಟ್ಟೆಯಲ್ಲಿರುವ ಕೂಸಿಗೆ ಇಳಿಯುವುದು ಹೆಚ್ಚಾಗಿ ಕೊನೆಯ ಮೂರು ತಿಂಗಳಲ್ಲಿ. ಏಳು ತಿಂಗಳಿಗೆ ಹುಟ್ಟಿದ ಕೂಸು ಆ ಬುತ್ತಿಯಿಲ್ಲದೆ ದಾರಿಗೆ ಬಿದ್ದ ಹಾಗೆ. ಅದರ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವು. ಮೇಲೆ ಅದಕ್ಕೆ ಮೂಗಿನಲ್ಲಿ ನಳಿಗೆ, ಹೊಕ್ಕಳಲ್ಲಿ ನಳಿಗೆ, ಕೈಯಲ್ಲಿ ಸೂಜಿ. ಒಂದೊಂದು ನಳಿಗೆಯೂ ಬದುಕಿಸುವ ದಾರಿ. ಕೊಳೆ ಕೈ ಮುಟ್ಟಿದರೆ ಅದೇ ನಂಜು ನುಗ್ಗುವ ಬಾಗಿಲು. ಕ್ಲೆಬ್ಸಿಯೆಲ್ಲಾ, ಅಸಿನೆಟೋಬ್ಯಾಕ್ಟರ್, ಸೂಡೊಮೋನಾಸ್ ಎಂದೆಲ್ಲ ಇವುಗಳ ಹೆಸರು. ಹೆಸರು ನೆನಪಿಡಬೇಕಿಲ್ಲ. ಇವು ಗಾಳಿಯಲ್ಲಿ ಹಾರಿ ಬರುವುದಕ್ಕಿಂತ ಹೆಚ್ಚಾಗಿ ಕೈಯಲ್ಲಿ, ಒದ್ದೆಯಲ್ಲಿ ಬರುತ್ತವೆ ಎಂಬುದನ್ನು ನೆನಪಿಡಿ.

ಇದನ್ನು ಏಕೆ ಒತ್ತಿ ಹೇಳುತ್ತೇವೆಂದರೆ, ಮೂರು ಕೂಸು ಹೋದ ಮರುದಿನ ಆ ಆಸ್ಪತ್ರೆಯವರು ಮಾಡಿದ ಮೊದಲ ಕೆಲಸ ಕೋಣೆಗೆ ಔಷಧಿ ಹೊಗೆ ಹಾಕಿಸಿದ್ದು. ಅದರ ಚಿತ್ರ ಪತ್ರಿಕೆಯಲ್ಲೂ ಬಂತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು. ಅದೂ ಕಳ್ಳ ಬಾರದ ಬಾಗಿಲು. ಹೊಗೆ ಹಾಕಿದ ಕೋಣೆಗೆ ಮರುದಿನ ಅದೇ ಇಬ್ಬರು ನರ್ಸುಗಳು, ಅದೇ ಹತ್ತೊಂಬತ್ತು ಕೂಸು ಬಂದರೆ ಏನು ಬದಲಾದ ಹಾಗಾಯಿತು? ಮಂತ್ರಿಗಳು ಬರುವ ದಿನ ಮಾತ್ರ ಫಿನಾಯಿಲ್ ವಾಸನೆ ಬರುವ ಆಸ್ಪತ್ರೆಗಳನ್ನು ನಾವು ಬಹಳ ಕಂಡಿದ್ದೇವೆ.

ಒದ್ದೆಯ ಮಾತು ಬಂತು. ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನಲ್ಲಿ ನಡೆದದ್ದನ್ನು ಕೇಳಿ. 2011ರ ಡಿಸೆಂಬರಿನಲ್ಲಿ ಲಂಡನ್‌ಡೆರಿಯ ಆಲ್ಟ್‌ನಗೆಲ್ವಿನ್ ಆಸ್ಪತ್ರೆಯಲ್ಲಿ ಒಂದು ಹಸುಗೂಸು ಸೂಡೊಮೋನಾಸ್ ನಂಜಿನಿಂದ ಸತ್ತಿತು. 2012ರ ಜನವರಿಯಲ್ಲಿ ರಾಜಧಾನಿ ಬೆಲ್‌ಫಾಸ್ಟಿನ ರಾಯಲ್ ಜುಬಿಲಿ ಹೆರಿಗೆ ಆಸ್ಪತ್ರೆಯಲ್ಲಿ ಮೂರು. ಹುಡುಕುತ್ತ ಹೋದರೆ ಆ ಬ್ಯಾಕ್ಟೀರಿಯಾ ಸಿಕ್ಕಿದ್ದು ಎಲ್ಲಿ? ಕೈ ತೊಳೆಯುವ ನಲ್ಲಿಗಳಲ್ಲಿ! ನೀರು ಚಿಮ್ಮದೆ ನೇರವಾಗಿ ಬೀಳಲೆಂದು ನಲ್ಲಿಯ ಬಾಯಿಗೆ ಕೂಡಿಸಿದ ಸಣ್ಣ ಜಾಲರಿಯಂಥ ಭಾಗದೊಳಗೆ ಲೋಳೆ ಕಟ್ಟಿ ಅದರಲ್ಲಿ ಅವು ಮನೆ ಮಾಡಿದ್ದವು. ನಲ್ಲಿ ಹೊಸ ಮಾದರಿಯದು, ನೋಡಲು ಚೆಂದ. ಆಮೇಲೆ ನಲ್ಲಿಗಳನ್ನು ಕಿತ್ತು ಬದಲಾಯಿಸಿದರು. ಕೂಸುಗಳನ್ನು ಒರೆಸಲು ನಲ್ಲಿ ನೀರು ಬಿಟ್ಟು ಶುದ್ಧೀಕರಿಸಿದ ನೀರನ್ನೇ ಬಳಸಬೇಕೆಂದು ಆಜ್ಞೆ ಮಾಡಿದರು. ಪ್ಯಾಟ್ ಟ್ರೂಪ್ ಎಂಬ ಪ್ರೊಫೆಸರರ ನೇತೃತ್ವದಲ್ಲಿ ಸ್ವತಂತ್ರ ವಿಚಾರಣೆ ನಡೆಸಿದರು. ವಿಚಾರಣೆಯ ವರದಿಯನ್ನು ಮುಚ್ಚಿಡಲಿಲ್ಲ. ಜನ ಓದಿದರು.

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಡ್ಯಾನ್‌ವಿಲ್ ಎಂಬ ಊರಿನ ಗೈಸಿಂಗರ್ ಆಸ್ಪತ್ರೆಯಲ್ಲಿ 2019ರಲ್ಲಿ ಎಂಟು ಕೂಸುಗಳಿಗೆ ಇದೇ ಸೂಡೊಮೋನಾಸ್ ತಗಲಿ ಮೂರು ಸತ್ತವು. ಅಲ್ಲಿ ಮೂಲ ಸಿಕ್ಕಿದ್ದು ದಾನಿಗಳ ಎದೆಹಾಲು ಅಳೆಯುವ ಸಾಮಾನಿನಲ್ಲಿ. ಹಾಲಿನ ದೋಷವಲ್ಲ, ಅಳತೆಯ ಪಾತ್ರೆಯ ದೋಷ. ಆ ಆಸ್ಪತ್ರೆಯವರೇ ಅದನ್ನು ಹೊರಗೆ ಹೇಳಿದರು, ಒಂದು ಸಲ ಬಳಸಿ ಎಸೆಯುವ ಸಾಮಾನಿಗೆ ಬದಲಾದರು.

ಈ ಎರಡು ಕಡೆಯ ಕತೆ ಹೇಳಿದ್ದು ಬಿಳಿಯರ ನಾಡನ್ನು ಹೊಗಳಲಿಕ್ಕಲ್ಲ. ಅಲ್ಲಿಯೂ ಕೂಸು ಸತ್ತವು. ಆದರೆ ಎಲ್ಲಿಂದ ಬಂತು ಎಂದು ಹುಡುಕಿದರು, ಸಿಕ್ಕಿದ್ದನ್ನು ಹೇಳಿದರು. ನಮ್ಮಲ್ಲಿ ಮೂರು ಕೂಸು ಹೋದವು. ನಲ್ಲಿ ನೀರನ್ನು ಪರೀಕ್ಷೆಗೆ ಕಳಿಸಿದಿರಾ ಎಂದು ನಾವು ಕೇಳಿದರೆ, "ಅದೆಲ್ಲ ನಿಮಗೇಕೆ" ಎಂಬ ಉತ್ತರ ಬಂತು. ನಮಗೇಕೆ! ಕೂಸು ಯಾರದು?

ಅಂಗಡಿಕಾರರೆ, ಲೆಕ್ಕ ಬರೆಯದ ಅಂಗಡಿ ಎಷ್ಟು ದಿನ ನಡೆದೀತು? ದಿನವೂ ಗಲ್ಲೆ ಎಣಿಸಿ ಖಾತೆಗೆ ಹತ್ತಿಸುವವನಿಗೆ ಮೂರನೆಯ ದಿನ ಸೋರಿಕೆ ಗೊತ್ತಾಗುತ್ತದೆ. ವರ್ಷಕ್ಕೊಮ್ಮೆ ಎಣಿಸುವವನಿಗೆ ಅಂಗಡಿ ಮುಳುಗಿದ ಮೇಲೆ. ಕೂಸುಗಳ ಕೋಣೆಯಲ್ಲೂ ಹಾಗೆಯೇ. ಈ ವಾರ ಎಷ್ಟು ಕೂಸಿಗೆ ನಂಜು, ಯಾವ ಬ್ಯಾಕ್ಟೀರಿಯಾ, ಯಾವ ಮೇಜಿನಲ್ಲಿ ಎಂದು ಒಂದು ಪುಸ್ತಕ ಇಟ್ಟರೆ, ಎರಡನೆಯ ಕೂಸಿಗೆ ಅದೇ ಬ್ಯಾಕ್ಟೀರಿಯಾ ಕಂಡ ದಿನವೇ ಎಚ್ಚರವಾಗಬಹುದು. ಆ ಎರಡನ್ನು ಬೇರೆ ಕಡೆ ಇಟ್ಟು, ಅವಕ್ಕೆ ಬೇರೆ ನರ್ಸನ್ನು ಕೊಟ್ಟು, ನೀರು, ಹಾಲಿನ ಪಾತ್ರೆ, ಹಲವರಿಗೆ ಬಳಸುವ ಔಷಧಿ ಸೀಸೆ ಎಲ್ಲವನ್ನೂ ಪರೀಕ್ಷಿಸಬಹುದು. ಮೂರನೆಯದು ಉಳಿಯುತ್ತದೆ.

ನಮ್ಮ ದೇಶದ ಲೆಕ್ಕವೂ ಇದೆ. ದಿಲ್ಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ ನಿಗಾ ಘಟಕಕ್ಕೆ ಸೇರಿದ 13,530 ಕೂಸುಗಳನ್ನು ಹಿಂಬಾಲಿಸಿ ನೋಡಿದರು. 2016ರಲ್ಲಿ ಅದು ಪ್ರಕಟವಾಯಿತು. ನೂರಕ್ಕೆ ಹದಿನಾಲ್ಕಕ್ಕೂ ಹೆಚ್ಚು ಕೂಸುಗಳಿಗೆ ನಂಜೇರಿತ್ತು. ಸತ್ತವುಗಳಲ್ಲಿ ಸುಮಾರು ನಾಲ್ಕರಲ್ಲೊಂದು ನಂಜಿನಿಂದ. ಇನ್ನೂ ಎರಡು ಸಂಗತಿ ಕಿವಿಗೊಟ್ಟು ಕೇಳಬೇಕು. ಒಂದು, ಮೂರರಲ್ಲಿ ಸುಮಾರು ಎರಡು ಪಾಲು ನಂಜು ಹುಟ್ಟಿದ ಎಪ್ಪತ್ತೆರಡು ತಾಸಿನೊಳಗೇ ಕಾಣಿಸಿತು. ಅಂದರೆ ಗಾಜಿನ ಪೆಟ್ಟಿಗೆಯ ಕೋಣೆಯನ್ನು ಮಾತ್ರ ತೊಳೆದರೆ ಸಾಲದು. ಹೆರಿಗೆ ಕೋಣೆಯ ಮೇಜು, ಕತ್ತರಿ, ಕೈಗವುಸು, ನೀರು ಇವೂ ಶುದ್ಧವಿರಬೇಕು. ಎರಡು, ಹೆಚ್ಚು ಕಾಣಿಸಿದ ಅಸಿನೆಟೋಬ್ಯಾಕ್ಟರ್‌ನಲ್ಲಿ ನೂರಕ್ಕೆ ಎಂಬತ್ತೆರಡು ಹಲವು ಬಗೆಯ ಔಷಧಿಗೆ ಬಗ್ಗದಂಥವು. ಬೆಲೆಯಲ್ಲಿ ನಮ್ಮ ತಿಂಗಳ ಸಂಬಳ ನುಂಗುವ ಔಷಧಿ ಕೊಟ್ಟರೂ ಅವು ಜಗ್ಗುವುದಿಲ್ಲ. ಔಷಧಿ ಸೋತ ಮೇಲೆ ಉಳಿಯುವುದು ಸಾಬೂನು, ನೀರು, ಜಾಗ, ಸಾಕಷ್ಟು ಜನ.

ಸ್ಪಿರಿಟ್ಟಿನ ದ್ರಾವಣದ ವಿಷಯ ಹೇಳಿದೆವಲ್ಲ. ಅದನ್ನು ತಯಾರಿಸುವ ಸೂತ್ರವನ್ನು ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಿದೆ: ಆಲ್ಕೊಹಾಲು, ಸ್ವಲ್ಪ ಗ್ಲಿಸರಿನ್, ತೊಟ್ಟು ಹೈಡ್ರೋಜನ್ ಪೆರಾಕ್ಸೈಡ್, ಕುದಿಸಿ ಆರಿಸಿದ ನೀರು. ಆಸ್ಪತ್ರೆಯ ಔಷಧಿ ವಿಭಾಗದಲ್ಲೇ ಮಾಡಿಕೊಳ್ಳಬಹುದು. ಟೆಂಡರು ಬರಲಿಲ್ಲ, ಸರಬರಾಜಾಗಲಿಲ್ಲ ಎಂಬ ಮಾತಿಗೆ ಇಲ್ಲಿ ಎಡೆಯಿಲ್ಲ.

ಕೈಯ ಮಾತಿನಲ್ಲಿ ಇನ್ನೊಂದು ಇದೆ, ಹೇಳದಿದ್ದರೆ ಅಪ್ರಾಮಾಣಿಕರಾಗುತ್ತೇವೆ. ಕೊಳೆ ಕೈ ನರ್ಸಿನದೇ ಆಗಬೇಕಿಲ್ಲ. 1847ರಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ಹಂಗೇರಿಯ ಡಾಕ್ಟರ್ ಕಂಡುಹಿಡಿದದ್ದು ಇದೇ. ಸೂಲಗಿತ್ತಿಯರು ಹೆರಿಗೆ ಮಾಡಿಸುವ ವಾರ್ಡಿಗಿಂತ ಡಾಕ್ಟರರು, ವಿದ್ಯಾರ್ಥಿಗಳು ಮಾಡಿಸುವ ವಾರ್ಡಿನಲ್ಲಿ ಬಾಣಂತಿಯರು ಹೆಚ್ಚು ಸಾಯುತ್ತಿದ್ದರು. ಏಕೆಂದರೆ ಅವರು ಹೆಣ ಕೊಯ್ದ ಕೈಯಲ್ಲೇ ಬರುತ್ತಿದ್ದರು. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಿರಿ ಎಂದ. ಸಾವು ಥಟ್ಟನೆ ಇಳಿಯಿತು. ದೊಡ್ಡವರಿಗೆ ಸಿಟ್ಟು ಬಂತು. 1849ರಲ್ಲಿ ಅವನ ನೌಕರಿ ಮುಂದುವರಿಯಲಿಲ್ಲ.

ಇಂದಿಗೂ ಬೆಳಗಿನ ಸುತ್ತಿಗೆ ಬರುವ ದೊಡ್ಡ ಡಾಕ್ಟರರ ಹಿಂದೆ ಹತ್ತು ಜನ. ಅವರು ಒಂದು ಕೂಸನ್ನು ಮುಟ್ಟಿದ ಕೈಯಲ್ಲಿ ಇನ್ನೊಂದನ್ನು ಮುಟ್ಟಿದರೆ, "ಸಾಹೇಬರೆ, ಕೈ" ಎನ್ನುವ ಧೈರ್ಯ ಗುತ್ತಿಗೆಯ ನರ್ಸಿಗೆ ಬಂದೀತೆ? ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಪೀಟರ್ ಪ್ರೊನೊವೊಸ್ಟ್ ಎಂಬ ಡಾಕ್ಟರ್ ದೊಡ್ಡವರ ನಿಗಾ ಘಟಕಗಳಲ್ಲಿ ಒಂದು ಪ್ರಯೋಗ ಮಾಡಿಸಿದರು; 2006ರಲ್ಲಿ ಅದರ ಫಲ ಅಚ್ಚಾಯಿತು. ರಕ್ತನಾಳಕ್ಕೆ ನಳಿಗೆ ಹಾಕುವಾಗ ಮಾಡತಕ್ಕ ಐದೇ ಐದು ಕೆಲಸದ ಒಂದು ಪಟ್ಟಿ. ಅದರಲ್ಲಿ ಯಾವುದು ತಪ್ಪಿದರೂ ನರ್ಸು ಡಾಕ್ಟರನ್ನು ತಡೆದು ನಿಲ್ಲಿಸಬಹುದು. ಆ ಅಧಿಕಾರವನ್ನು ಅವಳಿಗೆ ಕೊಟ್ಟರು. ನೂರಕ್ಕೂ ಹೆಚ್ಚು ಘಟಕಗಳಲ್ಲಿ ನಳಿಗೆಯ ನಂಜು ಒಂದೂವರೆ ವರ್ಷದಲ್ಲಿ ಮೂರನೆಯ ಎರಡು ಪಾಲಿನಷ್ಟು ಇಳಿಯಿತು. ಆಮೇಲೆ ಇಂಥ ಪಟ್ಟಿಯ ಕ್ರಮ ನ್ಯೂಯಾರ್ಕ್ ರಾಜ್ಯದ ಹಸುಗೂಸುಗಳ ಘಟಕಗಳಲ್ಲೂ ಬಂತು, ಅಲ್ಲಿಯೂ ನಂಜು ಕಡಿಮೆಯಾಯಿತು. ಪಟ್ಟಿ ನಕಲು ಮಾಡುವುದು ಸುಲಭ. ಕೆಳಗಿನವಳಿಗೆ ಮೇಲಿನವನನ್ನು ತಡೆಯುವ ಅಧಿಕಾರ ಕೊಡುವುದು ನಮ್ಮ ಆಸ್ಪತ್ರೆಗಳಲ್ಲಿ ಬಹಳ ಕಷ್ಟ. ಗುತ್ತಿಗೆಯಲ್ಲಿರುವತನಕ ಕೊಟ್ಟರೂ ಅವಳು ಬಳಸಳು.

"ಕೋಣೆಯನ್ನು ಮುಚ್ಚಿಬಿಡಿ" ಎಂದವರೂ ಇದ್ದಿರಿ. ಯೋಚಿಸಬೇಕು. ನಂಜು ಹಬ್ಬಿದಾಗ ಹೊಸ ಕೂಸುಗಳನ್ನು ಸೇರಿಸುವುದು ನಿಲ್ಲಿಸುವುದು ಎಲ್ಲ ಕಡೆಯೂ ಇರುವ ಕ್ರಮವೇ. ಆದರೆ ಇಲ್ಲಿ ಮುಚ್ಚಿದ ರಾತ್ರಿ ಹಳ್ಳಿಯಿಂದ ಒಂದೂಕಾಲು ಕಿಲೊ ತೂಕದ ಕೂಸನ್ನು ಸೆರಗಿನಲ್ಲಿ ಸುತ್ತಿ ತಂದವಳು ಎಲ್ಲಿಗೆ ಹೋಗಬೇಕು? ಖಾಸಗಿ ನರ್ಸಿಂಗ್ ಹೋಮಿನ ಒಂದು ದಿನದ ಬಿಲ್ಲು ಅವಳ ಗಂಡನ ಎಷ್ಟು ದಿನದ ಕೂಲಿ? ಹನ್ನೆರಡು ತೊಟ್ಟಿಲಿನಲ್ಲಿ ಹತ್ತೊಂಬತ್ತು ಮಲಗಿಸಿದ್ದು ನರ್ಸಿನ ಕರುಣೆಯಿಂದ ಕೂಡ. ಇಲ್ಲ ಎನ್ನಲಾಗಲಿಲ್ಲ ಅವಳಿಗೆ. ಆದ್ದರಿಂದ ಮುಚ್ಚಿರಿ ಎನ್ನುವುದಕ್ಕೆ ಮೊದಲು, ಎರಡನೆಯ ಕೋಣೆ ತೆರೆಯಿರಿ ಎನ್ನಬೇಕು. ಕಾಯಿಲೆಯ ಹಸುಗೂಸಿಗೆ ಸರಕಾರಿ ಆಸ್ಪತ್ರೆಯಲ್ಲಿ ಔಷಧಿ, ಪರೀಕ್ಷೆ, ಬಂದು ಹೋಗುವ ವಾಹನ ಎಲ್ಲವೂ ಪುಕ್ಕಟೆ ಎಂಬ ಯೋಜನೆ 2011ರಲ್ಲಿಯೇ ಬಂದಿದೆ, ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಎಂದು. ಯಾರಾದರೂ ದುಡ್ಡು ಕೇಳಿದರೆ ಚೀಟಿ ಬರೆಯಿಸಿಕೊಂಡು ನಮ್ಮ ಹತ್ತಿರ ತನ್ನಿ.

ಜಾಗ ಸಾಲದ ಕಡೆ ಮಾಡಬಹುದಾದ ಒಂದು ದೊಡ್ಡ ಕೆಲಸ ಬಡವರ ನಾಡಿನಿಂದಲೇ ಬಂದಿದೆ. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೋಟಾದಲ್ಲಿ 1970ರ ದಶಕದ ಕೊನೆಗೆ ಎಡ್ಗಾರ್ ರೇ ಎಂಬ ಡಾಕ್ಟರರಿಗೆ ನಮ್ಮದೇ ಕಷ್ಟ: ಪೆಟ್ಟಿಗೆ ಕಡಿಮೆ, ಕೂಸು ಹೆಚ್ಚು, ನಂಜು ವಿಪರೀತ. ಅವರು ಕೂಸನ್ನು ತಾಯಿಯ ಬರಿಯ ಎದೆಗೆ ಒರಗಿಸಿ ಬಟ್ಟೆಯಿಂದ ಕಟ್ಟಿಸಿದರು. ತಾಯಿಯ ಮೈಯೇ ಶಾಖ, ಎದೆಹಾಲೇ ಔಷಧಿ. ಹತ್ತು ಕೈ ಮುಟ್ಟುವುದು ತಪ್ಪಿತು. ಇದನ್ನು ಕಾಂಗರೂ ಆರೈಕೆ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಘಾನಾ, ಮಲಾವಿ, ನೈಜೀರಿಯಾ, ಟಾಂಜಾನಿಯಾ ಮತ್ತು ನಮ್ಮ ದೇಶದ ಐದು ಆಸ್ಪತ್ರೆಗಳಲ್ಲಿ 3,211 ಕೂಸುಗಳ ಮೇಲೆ ನೋಡಿತು. ಹುಟ್ಟಿದ ಕೂಡಲೇ ತಾಯಿಯ ಎದೆಗೆ ಹಾಕಿದವುಗಳಲ್ಲಿ ಇಪ್ಪತ್ತೆಂಟು ದಿನದೊಳಗೆ ಸತ್ತದ್ದು ನೂರಕ್ಕೆ ಹನ್ನೆರಡು. ಮೊದಲು ಪೆಟ್ಟಿಗೆ, ಆಮೇಲೆ ಎದೆ ಎಂದವುಗಳಲ್ಲಿ ಹದಿನೈದೂ ಮುಕ್ಕಾಲಿನ ಹತ್ತಿರ. 2021ರಲ್ಲಿ ಇದು ಅಚ್ಚಾಯಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ ಇದನ್ನು ಊರೂರಿಗೆ ಒಯ್ಯುವ ಪ್ರಯತ್ನ ನಡೆದಿದೆ. ಇಲ್ಲಿ ಏನಾಗುತ್ತಿದೆ? ಹೆತ್ತವಳನ್ನು ಹೊರಗಿನ ಜಗುಲಿಯಲ್ಲಿ ಕೂಡಿಸಿ, ಕೂಸನ್ನು ಒಳಗೆ ಇಬ್ಬರು ಮಲಗುವ ಮೇಜಿನ ಮೇಲೆ ಇಡುತ್ತಾರೆ. ತಾಯಿಗೆ ಒಂದು ಹಾಸಿಗೆ, ಎರಡು ಹೊತ್ತು ಊಟ ಒಳಗೇ ಕೊಟ್ಟರೆ ಅರ್ಧ ಕೋಣೆ ಖಾಲಿಯಾಗುತ್ತದೆ.

ಆಸ್ಪತ್ರೆಯನ್ನು ಇಷ್ಟು ಕೇಳಿದ ಮೇಲೆ ನಮ್ಮನ್ನೂ ಕೇಳಿಕೊಳ್ಳಬೇಕು. ಕೂಸು ನೋಡಲು ಒಬ್ಬರ ಹಿಂದೆ ಒಬ್ಬರು ಹತ್ತು ಮಂದಿ ನುಗ್ಗುತ್ತೇವೆ, ತಡೆದರೆ ಜಗಳ. ನಮ್ಮ ಹಿರಿಯರು ಪುರುಡು ಎಂದು ಬಾಣಂತಿ ಕೋಣೆಗೆ ಹತ್ತು ದಿನ ಯಾರನ್ನೂ ಬಿಡುತ್ತಿರಲಿಲ್ಲ. ಅದರ ಕಾರಣ ಬೇರೆ ಹೇಳುತ್ತಿದ್ದರು, ಅದನ್ನು ನಾವು ಒಪ್ಪುವವರಲ್ಲ. ಆದರೆ ಕೂಸಿಗೆ ಅದರಿಂದ ಉಪಕಾರವೇ ಆಗುತ್ತಿತ್ತು. ತಾಯಿ ಮತ್ತು ಅವಳ ಜೊತೆಗೆ ಇನ್ನೊಬ್ಬರು ಸಾಕು. ಒಳಗೆ ಹೋಗುವ ಮುನ್ನ ಉಂಗುರ, ಬಳೆ, ಕೈಗಡಿಯಾರ ತೆಗೆದು ಮೊಳಕೈವರೆಗೆ ತೊಳೆಯಿರಿ. ನೆಗಡಿಯಿದ್ದವರು ಹೊರಗೇ ಇರಿ. ಅಜ್ಜಿಯಂದಿರು ಕೋಪಿಸಿಕೊಳ್ಳಬೇಡಿ: ಜೇನು ನೆಕ್ಕಿಸುವುದು, ಬಜೆ ತೇಯ್ದು ಬಾಯಿಗಿಡುವುದು, ಹೊಕ್ಕಳಿಗೆ ಬೂದಿ ಎಣ್ಣೆ ಹಚ್ಚುವುದು ಬೇಡ. ಎದೆಹಾಲು ಬಿಟ್ಟು ಏನೂ ಬೇಡ. ಹೊಕ್ಕಳು ಒಣಗಿದ್ದರೆ ಸಾಕು. ಮನೆಗೆ ಬಂದ ಮೇಲೆ ಕೂಸು ಹಾಲು ಬಿಟ್ಟರೆ, ಮೈ ತಣ್ಣಗಾದರೆ ಅಥವಾ ಸುಟ್ಟರೆ, ಮಂಕಾಗಿ ಬಿದ್ದರೆ, ಉಸಿರೆಳೆಯುವಾಗ ಎದೆ ಗುಂಡಿ ಬಿದ್ದರೆ ಬೆಳಗಾಗಲೆಂದು ಕಾಯಬೇಡಿ. ಆ ಗಳಿಗೆಯೇ ಹೊರಡಿ.

ಯಾರ ಕಡೆ ಎಂದು ಕೇಳಿದ್ದಿರಿ. ಆ ಕೂಸಿನ ತಂದೆ ಮೊನ್ನೆ ನಮ್ಮ ಮನೆಗೆ ಬಂದಿದ್ದರು. ನರ್ಸನ್ನು ಕಂಡು ಬಂದೆ ಎಂದರು. ಅವಳು ಮೂರೂ ಕೂಸುಗಳ ತೂಕ, ಹುಟ್ಟಿದ ತಾರೀಕು ಬಾಯಲ್ಲೇ ಹೇಳಿದಳಂತೆ. ಅಳುತ್ತ ಹೇಳಿದಳಂತೆ. ನಾಳಿದ್ದು ಆಸ್ಪತ್ರೆಗೆ ಹೋಗುವ ಜನರಲ್ಲಿ ಅವರೂ ಇದ್ದಾರೆ.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಆಸ್ಪತ್ರೆಯ ಮೇಲಧಿಕಾರಿಗಳನ್ನು ಕಾಣುತ್ತೇವೆ. ಕಲ್ಲಲ್ಲ, ಕಾಗದ ಒಯ್ಯುತ್ತೇವೆ. ರಾತ್ರಿ ಪಾಳಿಯಲ್ಲಿ ಎಷ್ಟು ನರ್ಸು, ಎಷ್ಟು ಕೂಸು. ನೀರಿನ ಪರೀಕ್ಷೆ ಯಾವ ದಿನ ಆಯಿತು, ಏನು ಬಂತು. ನಂಜಿನ ಲೆಕ್ಕದ ಪುಸ್ತಕ ಇದೆಯೆ, ಅದನ್ನು ತಿಂಗಳಿಗೊಮ್ಮೆ ಬಾಗಿಲಿಗೆ ಅಂಟಿಸುವಿರಾ. ತಾಯಂದಿರ ಹಾಸಿಗೆ ಯಾವಾಗ. ಗುತ್ತಿಗೆಯ ನರ್ಸುಗಳನ್ನು ಕಾಯಂ ಮಾಡಲು ನೀವು ಮೇಲಕ್ಕೆ ಬರೆದಿದ್ದೀರಾ. ಉತ್ತರ ಬರಹದಲ್ಲಿ ಬೇಕು. ಮೊದಲ ಪಾಳಿಯವರು ಕೂಲಿ ಕಳಕೊಳ್ಳಬೇಕಿಲ್ಲ. ರಾತ್ರಿ ಪಾಳಿ ಬಿಟ್ಟವರು, ಅಂಗಡಿಯನ್ನು ಒಂದು ತಾಸು ಮಗನಿಗೆ ವಹಿಸಬಲ್ಲವರು ಬಂದರೆ ಸಾಕು. ಹೆಂಗಸರು ಹೆಚ್ಚು ಬರಬೇಕು. ಹೆಸರು ಕೊಡುವವರು ಈಗಲೇ ಇಲ್ಲಿ ಮೇಜಿನ ಹತ್ತಿರ ಬನ್ನಿ.